ಮನೆ ಕಂದಾಯಕ್ಕೆ ಊರಿನ ಒಪ್ಪಿಗೆ ಬೇಕು

2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಸ್ಥಿರಾಸ್ತಿಗಳ ಮಾರ್ಗಸೂಚಿ ಬೆಲೆ ಏರಿತು. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ತೆಂಗು, ಈರುಳ್ಳಿ, ಅಡಿಕೆಯನ್ನು ನಂಬಿದ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಪೇಟೆಯ ವ್ಯಾಪಾರ ನಡೆಯುವುದು ಹೊಲ ತೋಟದ ಹುಟ್ಟುವಳಿಯ ಮೇಲೆ. ಬೆಳೆ ಹೋದ ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ, ಬಾಡಿಗೆಯೂ ಬಾಕಿ ಬೀಳುತ್ತದೆ. ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮೌಲ್ಯಮಾಪನ ಸಮಿತಿ. ಕ್ರಯಪತ್ರ ನೋಂದಣಿಯಾಗುವಾಗ ಮುದ್ರಾಂಕ ಶುಲ್ಕ ಸೋರಿಹೋಗಬಾರದು ಎಂಬುದು ಅದರ ಮೂಲ ಉದ್ದೇಶ. ಆದರೆ 2021ರಲ್ಲಿ ನಮ್ಮ ಪೌರಾಡಳಿತ ಕಾಯ್ದೆಗಳಿಗೆ ಬಂದ ತಿದ್ದುಪಡಿ ಮನೆ ಕಂದಾಯವನ್ನೂ ಪ್ರಚಲಿತ ಮಾರ್ಗಸೂಚಿ ಬೆಲೆಗೆ ಗಂಟುಹಾಕಿತು. ಮನೆಯನ್ನು ಮಾರುವ ಯೋಚನೆಯೇ ಇಲ್ಲದವರಿಗೂ, ತಂದೆ ಕಟ್ಟಿಸಿದ ಹೆಂಚಿನ ಮನೆಯಲ್ಲೇ ಬದುಕು ಸಾಗಿಸುವವರಿಗೂ, ಮಾರಾಟಕ್ಕೆಂದು ಕಟ್ಟಿದ ಬೆಲೆಯೇ ಕಂದಾಯದ ಬುನಾದಿಯಾಯಿತು. ಈ ನಿರ್ಧಾರದ ಯಾವ ಹಂತದಲ್ಲೂ ಕಂದಾಯ ಕಟ್ಟುವವರನ್ನು ಯಾರೂ ಕೇಳಲಿಲ್ಲ.

ಆಸ್ತಿ ತೆರಿಗೆ ಹೆಚ್ಚಬಾರದು ಎಂಬುದು ಈ ಲೇಖನದ ವಾದವಲ್ಲ. ಚರಂಡಿ, ಬೀದಿದೀಪ, ಕಸ ವಿಲೇವಾರಿ, ಭದ್ರೆಯ ನೀರನ್ನು ಕಡೂರು–ಬೀರೂರಿನ ಬಯಲಿಗೆ ಎತ್ತಿ ತರುವ ಪಂಪಿನ ಕರೆಂಟು, ಇವೆಲ್ಲಕ್ಕೂ ದುಡ್ಡು ಬೇಕು. ಅದರಲ್ಲಿ ಒಂದು ಪಾಲನ್ನು ಊರಿನವರೇ ಕೊಡಬೇಕು. ಪ್ರಶ್ನೆ ಇರುವುದು ಮಿತಿಯ ಹಗ್ಗ ಯಾರ ಕೈಯಲ್ಲಿರಬೇಕು ಎಂಬಲ್ಲಿ. ಈಗ ಕನಿಷ್ಠ ದರವನ್ನೂ ಗರಿಷ್ಠ ದರವನ್ನೂ ಹೇಳುವುದು ಬೆಂಗಳೂರಿನ ಕಾಯ್ದೆ. ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸಬೇಕೆಂದು ಹೇಳುವುದೂ ಅದೇ. ಹಾಗೆ ಏರಿಸುವಂತೆ ರಾಜ್ಯದ ಬೆನ್ನು ಹತ್ತಿದ್ದು ದೆಹಲಿ. 2020ರಲ್ಲಿ ಕೋವಿಡ್ ಕಾಲದ ಹೆಚ್ಚುವರಿ ಸಾಲಕ್ಕೆ ಕೇಂದ್ರ ಹಾಕಿದ ಷರತ್ತುಗಳಲ್ಲಿ, ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸಬೇಕೆಂಬುದೂ ಇತ್ತು. ಹದಿನೈದನೇ ಹಣಕಾಸು ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ದರ ಪ್ರಕಟಿಸದ, ರಾಜ್ಯದ ಆರ್ಥಿಕ ಬೆಳವಣಿಗೆಗೆ ಸರಿಯಾಗಿ ವಸೂಲಿ ಹೆಚ್ಚಿಸದ ನಗರ ಸಂಸ್ಥೆಗಳಿಗೆ 2022–23ರಿಂದ ಅನುದಾನವಿಲ್ಲ ಎಂದಿತು. ದೆಹಲಿ ರಾಜ್ಯವನ್ನು ಒತ್ತಿತು, ರಾಜ್ಯ ಪುರಸಭೆಯನ್ನು ಒತ್ತಿತು, ಕೊನೆಗೆ ಬಿಲ್ ಕಲೆಕ್ಟರ್ ಮನೆ ಬಾಗಿಲು ತಟ್ಟಿದ. ಮನೆಯವರಿಗೆ ತಮ್ಮ ಮಾತು ಹೇಳಲು ಈ ಸಾಲಿನಲ್ಲಿ ಎಲ್ಲೂ ಜಾಗವಿರಲಿಲ್ಲ.

ಕಾಯ್ದೆಯಲ್ಲಿ ಜನರ ಮಾತಿಗೆ ಜಾಗವೇ ಇಲ್ಲ ಎಂದರೆ ತಪ್ಪಾದೀತು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಹೊಸ ತೆರಿಗೆ ಹಾಕುವ ಮುನ್ನ ಪುರಸಭೆ ನಿರ್ಣಯ ಮಾಡಿ ಅದನ್ನು ಪ್ರಕಟಿಸಬೇಕು, ನಿವಾಸಿಗಳಿಂದ ಆಕ್ಷೇಪಣೆ ಕರೆಯಬೇಕು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಆದರೆ ಪ್ರಕಟಣೆ ನೋಟಿಸ್ ಬೋರ್ಡಿನ ಮೇಲೋ ಪತ್ರಿಕೆಯ ಒಂದು ಮೂಲೆಯಲ್ಲೋ ಬಂದು ಮುಗಿಯುತ್ತದೆ. ಆಕ್ಷೇಪಣೆಗೆ ಉತ್ತರಿಸುವ ಹೊಣೆ ಇದೆ, ಒಪ್ಪಿಗೆ ಪಡೆಯುವ ಹೊಣೆ ಇಲ್ಲ. ಮೇಲಾಗಿ ಪ್ರತಿ ವರ್ಷದ ಏರಿಕೆ ಕಾಯ್ದೆಯಲ್ಲೇ ಬರೆದಿಟ್ಟಿರುವಾಗ ಪುರಸಭೆಯ ಸಭೆಗೆ ಉಳಿಯುವುದು ಮೂರೋ ಐದೋ ಎಂಬ ಚರ್ಚೆಯಷ್ಟೇ. ಬುನಾದಿ ಬೆಲೆ ಏರಿದಾಗ ದರವನ್ನು ತುಸು ತಗ್ಗಿಸಿ ಸರಿದೂಗಿಸಲು ಅವಕಾಶವುಂಟು. ಕನಿಷ್ಠ ದರಕ್ಕಿಂತ ಕೆಳಗೆ ಮಾತ್ರ ಇಳಿಯುವಂತಿಲ್ಲ. ಆ ಸಭೆಯೂ ಎಷ್ಟೋ ಸಲ ಇರುವುದಿಲ್ಲ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ನಗರ ಸಂಸ್ಥೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯವಾಗಿ, ಗೆದ್ದ ಸದಸ್ಯರು ಅಧಿಕಾರವಿಲ್ಲದೆ ವರ್ಷಗಳನ್ನು ಕಳೆದರು. ಆಡಳಿತಾಧಿಕಾರಿಯೇ ಪುರಸಭೆಯಾದ. ಜನರಿಂದ ಆಯ್ಕೆಯಾಗದ ಒಬ್ಬ ಅಧಿಕಾರಿಯ ಸಹಿಯಿಂದ ಊರಿಗೆಲ್ಲ ಕಂದಾಯ ಏರಬಹುದಾದರೆ, ಅದನ್ನು ಸ್ಥಳೀಯ ಸ್ವಯಮಾಡಳಿತ ಎಂದು ಕರೆಯಲು ನಾಲಿಗೆ ಹೊರಳುವುದಿಲ್ಲ.

ಕಂದಾಯ ಕಟ್ಟಿದ ರಸೀದಿಯನ್ನೇ ಒಮ್ಮೆ ತೆಗೆದು ನೋಡಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಎಂಬುದು ಎಲ್ಲರಿಗೂ ಗೊತ್ತು. ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಕರಗಳಿರುತ್ತವೆ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ನೂರು ರೂಪಾಯಿ ತೆರಿಗೆಯ ಮೇಲೆ 24 ರೂಪಾಯಿ. ಪುರಸಭೆ ಇದನ್ನು ವಸೂಲು ಮಾಡಿಕೊಡುತ್ತದೆ, ತನ್ನ ಖರ್ಚಿಗೆ ಇಟ್ಟುಕೊಳ್ಳುವಂತಿಲ್ಲ. ತೆರಿಗೆ ಏರಿದಂತೆ ಈ ಕರವೂ ತಾನಾಗಿಯೇ ಏರುತ್ತದೆ. ಕಡೂರಿನ ಕೋಟೆಯ ಬೀದಿಯವರೋ ತರೀಕೆರೆಯ ಪೇಟೆಯವರೋ ಕೊಟ್ಟ ದುಡ್ಡಿನಲ್ಲಿ ಎಷ್ಟು ಊರಿನಲ್ಲಿ ಉಳಿಯಿತು, ಎಷ್ಟು ಹೊರಗೆ ಹೋಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಬೀದಿಯವರ ಮುಂದೆ ಓದಿ ಹೇಳುವ ಏರ್ಪಾಡು ಎಲ್ಲಿದೆ?

ಹಳ್ಳಿಗಳಲ್ಲಿ ಅಂಥ ಏರ್ಪಾಡು ಇದೆ ಎಂಬುದೇ ಇಲ್ಲಿನ ವಿಪರ್ಯಾಸ. ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕಡ್ಡಾಯ ಮಾಡಿದೆ. ಜನ ಸೇರದೆ ನಡೆಯುವ ಗ್ರಾಮಸಭೆಗಳೂ, ಕಾಗದದ ಮೇಲಷ್ಟೇ ನಡೆಯುವ ಗ್ರಾಮಸಭೆಗಳೂ ಇವೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಕಾನೂನಿನ ಬಲದಿಂದ ಎದ್ದು ನಿಂತು, ಪಿಡಿಒ ಎದುರು, ಅಧ್ಯಕ್ಷರ ಎದುರು ಜಮಾ ಖರ್ಚು ಕೇಳುವ ಹಕ್ಕು ಅಲ್ಲಿದೆ. ಅಜ್ಜಂಪುರ ಈ ಹಕ್ಕನ್ನು ಕಳೆದುಕೊಂಡಿತು. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದದ್ದು, ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾದದ್ದು ಊರಿಗೆ ಬಡ್ತಿಯೇ ಸರಿ. ಕಚೇರಿಗಳು ಬಂದವು, ಅನುದಾನದ ದಾರಿ ಬದಲಾಯಿತು. ಕಂದಾಯದ ಲೆಕ್ಕವೂ ಪಂಚಾಯತ್ ರಾಜ್ ಕಾಯ್ದೆಯಿಂದ ಪೌರಸಭೆಗಳ ಕಾಯ್ದೆಗೆ, ಸ್ವಯಂ ಘೋಷಣೆಗೆ, ಮಾರ್ಗಸೂಚಿ ಬೆಲೆಗೆ ಜಾರಿತು. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11ಬಿ ಬದಲು ನಗರ ಸಂಸ್ಥೆಯ ಇ-ಆಸ್ತಿಯ ಖಾತೆ ಬಂತು. ಇಷ್ಟೆಲ್ಲ ಬಂದಾಗ ಗ್ರಾಮಸಭೆ ಸದ್ದಿಲ್ಲದೆ ಹೋಯಿತು. ಹೆಚ್ಚು ತೆರಿಗೆ ಕೇಳುವ ವ್ಯವಸ್ಥೆಗೆ ಊರು ದಾಟಿದ ದಿನವೇ, ತೆರಿಗೆಯ ಬಗ್ಗೆ ಕೇಳುವ ಸಭೆಯನ್ನು ಅದು ಕಳೆದುಕೊಂಡಿತು. ಕಡೂರು, ಬೀರೂರು, ತರೀಕೆರೆ ಪುರಸಭೆಗಳಿಗೆ ಅಂಥ ಸಭೆ ಎಂದೂ ಸಿಕ್ಕಿರಲೇ ಇಲ್ಲ. 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮಾತ್ರ. ನಮ್ಮ ಈ ಊರುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ ನಗರಕ್ಕೆ ವಾರ್ಡ್ ಸಮಿತಿ ಇದೆ, ಹಳ್ಳಿಗೆ ಗ್ರಾಮಸಭೆ ಇದೆ, ನಡುವಿನ ಪೇಟೆಗೆ ಎರಡೂ ಇಲ್ಲ.

ನಡುವಿನ ಪೇಟೆಗೂ ಅಂಥ ಸಭೆ ಕೊಡಲು ಸಂವಿಧಾನ ಅಡ್ಡ ಬಂದಿಲ್ಲ. ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ ಅದೇ 243ಎಸ್ ವಿಧಿಯ ಐದನೇ ಖಂಡ, ವಾರ್ಡ್ ಸಮಿತಿಗಳಲ್ಲದೆ ಬೇರೆ ಸಮಿತಿಗಳನ್ನು ರಚಿಸಲು ರಾಜ್ಯದ ಶಾಸನಸಭೆಗೆ ತಡೆಯಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕೇರಳ ತನ್ನ ಅಧಿಕಾರವನ್ನು ಬಳಸಿಕೊಂಡಿತು. 1994ರ ಕೇರಳ ಪೌರಸಭೆಗಳ ಕಾಯ್ದೆಯಲ್ಲಿ ಒಂದು ಲಕ್ಷ ಮೀರದ ಜನಸಂಖ್ಯೆಯ ಪಟ್ಟಣಗಳ ಪ್ರತಿ ವಾರ್ಡಿಗೂ ವಾರ್ಡ್ ಸಭೆಯುಂಟು, ಆ ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಗಡಿಯಾಚೆಯ ಕಾಸರಗೋಡು ಪಟ್ಟಣದ ಕನ್ನಡಿಗರಿಗೆ ಇರುವ ಸಭೆ, ಕನ್ನಡ ನಾಡಿನೊಳಗಿನ ಕಡೂರಿನ ಕನ್ನಡಿಗರಿಗೆ ಇಲ್ಲ.

ನಮ್ಮ ನೆಲಕ್ಕೆ ಈ ಆಲೋಚನೆ ಹೊಸದೂ ಅಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು, 144 ಸದಸ್ಯರೊಂದಿಗೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು, 1947ರವರೆಗೂ ಆ ಹೆಸರಿತ್ತು. ಮೊದಮೊದಲು ಸಭೆಗೆ ಅಹವಾಲು ಹೇಳುವುದಕ್ಕಿಂತ ಹೆಚ್ಚಿನ ಅಧಿಕಾರವಿರಲಿಲ್ಲ. 1923ರ ಸುಧಾರಣೆಯಲ್ಲಿ ಅದಕ್ಕೆ ಶಾಸನದ ಬಲ ಬಂತು, ಹೊಸ ತೆರಿಗೆಯ ಪ್ರಸ್ತಾವಗಳನ್ನು ಆ ಸಭೆಯ ಮುಂದಿಟ್ಟು ಅಭಿಪ್ರಾಯ ಪಡೆಯಬೇಕು ಎಂಬ ನಿಯಮವೂ ಬಂತು. ಮತದಾನದ ಹಕ್ಕು ಕೆಲವರಿಗಷ್ಟೇ ಇದ್ದ ಕಾಲ ಅದು. ಸಭೆಯ ಅಭಿಪ್ರಾಯ ಅರಸರ ಸರ್ಕಾರವನ್ನು ಕಟ್ಟಿಹಾಕುತ್ತಲೂ ಇರಲಿಲ್ಲ. ಹಾಗಿದ್ದೂ, ತೆರಿಗೆ ಹಾಕುವ ಮುನ್ನ ಕೇಳಬೇಕು ಎಂಬ ತತ್ವವನ್ನು ಅರಸೊತ್ತಿಗೆ ಒಪ್ಪಿಕೊಂಡಿತ್ತು. ಎಲ್ಲ ವಯಸ್ಕರಿಗೂ ಮತವಿರುವ ಗಣರಾಜ್ಯ ಅದಕ್ಕಿಂತ ಹಿಂದೆ ಸರಿಯಬಾರದು.

ಜನರನ್ನು ಕೇಳುವುದು ಎಂದ ಕೂಡಲೇ ಕ್ಯಾಲಿಫೋರ್ನಿಯಾದ ಉದಾಹರಣೆ ಮುಂದೆ ಬರುತ್ತದೆ. ಅದಕ್ಕೆ ಹೆದರುವವರ ಹೆದರಿಕೆಯಲ್ಲಿ ಹುರುಳಿದೆ. 1978ರ ಜೂನ್‌ನಲ್ಲಿ ಅಲ್ಲಿನ ಮತದಾರರು ಹದಿಮೂರನೇ ಪ್ರಸ್ತಾವವನ್ನು ಗೆಲ್ಲಿಸಿ, ಆಸ್ತಿ ತೆರಿಗೆ ಬೆಲೆಯ ಶೇ 1 ಮೀರಬಾರದು, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು, ಮನೆ ಕೈಬದಲಾದಾಗ ಮಾತ್ರ ಹೊಸ ಬೆಲೆ ಹಿಡಿಯಬೇಕು ಎಂದು ಸಂವಿಧಾನದಲ್ಲೇ ಬರೆಸಿದರು. ಆಸ್ತಿ ತೆರಿಗೆಯ ಆದಾಯ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಶಾಲೆಗಳ ಖರ್ಚನ್ನು ರಾಜ್ಯ ಹೊರಬೇಕಾಯಿತು, ಖರ್ಚಿನ ಜತೆಗೆ ನಿರ್ಧಾರದ ಅಧಿಕಾರವೂ ರಾಜಧಾನಿಗೆ ಹೋಯಿತು. ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳಲ್ಲಿ, ಹಿಂದೆಂದೋ ಕೊಂಡವರು ಕಡಿಮೆ, ನಿನ್ನೆ ಕೊಂಡವರು ಹಲವು ಪಟ್ಟು ಹೆಚ್ಚು ಕಟ್ಟುವಂತಾಯಿತು. ಊರಿನ ಹಕ್ಕನ್ನು ಉಳಿಸಲು ಹೊರಟ ಮಿತಿ ಊರಿನ ಹಕ್ಕನ್ನೇ ಕಳೆಯಿತು. ಇದು ನಮಗೆ ಮಾದರಿಯಾಗಬಾರದು.

ಎರಡು ವರ್ಷಗಳ ಬಳಿಕ, 1980ರಲ್ಲಿ, ಮ್ಯಾಸಚೂಸೆಟ್ಸ್ ಬೇರೊಂದು ದಾರಿ ಹಿಡಿಯಿತು. ನಾವು ಕಲಿಯಬೇಕಾದ್ದು ಅಲ್ಲಿದೆ. ಮಿತಿಯನ್ನು ಒಂದೊಂದು ಮನೆಯ ಬೆಲೆಯ ಮೇಲೆ ಹೇರದೆ, ಊರು ಎತ್ತುವ ಒಟ್ಟು ತೆರಿಗೆಯ ಮೇಲೆ ಇಟ್ಟರು. ಒಟ್ಟು ಮೊತ್ತ ಹಿಂದಿನ ವರ್ಷಕ್ಕಿಂತ ಶೇ 2.5ರಷ್ಟು ಏರಬಹುದು, ಹೊಸದಾಗಿ ಕಟ್ಟಿದ ಮನೆಗಳಿಂದ ಬರುವುದು ಅದಕ್ಕೆ ಹೊರತು. ಅದಕ್ಕೂ ಮೀರಿ ಬೇಕೆಂದರೆ ಮತದಾರರ ಮುಂದೆ ಹೋಗಬೇಕು, ಬಹುಮತ ಬಂದರೆ ಏರಿಸಬಹುದು. ಕಟ್ಟಡಕ್ಕೋ ನೀರಿನ ಯೋಜನೆಗೋ ಸಾಲ ತೆಗೆದರೆ, ಆ ಸಾಲ ತೀರುವವರೆಗೆ ಮಾತ್ರ ಹೆಚ್ಚುವರಿ ತೆರಿಗೆಗೆ ಒಪ್ಪಿಗೆ ಕೊಡುವ ಬಗೆಯೂ ಉಂಟು. ಮನೆಗಳ ಬೆಲೆ ಏರಿದರೂ ಒಟ್ಟು ಮೊತ್ತ ಮಿತಿಯೊಳಗೇ ಇರಬೇಕಾದ್ದರಿಂದ ದರ ತಾನಾಗಿ ಇಳಿಯುತ್ತದೆ. ಯಾರದೋ ಇಲಾಖೆ ಬೆಲೆಪಟ್ಟಿ ತಿದ್ದಿದ ಮಾತ್ರಕ್ಕೆ ಊರಿನ ಕಂದಾಯ ಏರುವುದಿಲ್ಲ. ಸ್ವಿಟ್ಜರ್ಲೆಂಡಿನ ಅನೇಕ ಸಣ್ಣ ಊರುಗಳಲ್ಲಂತೂ ನಾಗರಿಕರ ಸಭೆಯೇ ಆಯವ್ಯಯ ಒಪ್ಪಿ, ಸ್ಥಳೀಯ ತೆರಿಗೆಯ ಪ್ರಮಾಣವನ್ನು ಗೊತ್ತುಮಾಡುತ್ತದೆ.

ಹಾಗಾದರೆ ಈ ಮೂರು ತಾಲ್ಲೂಕುಗಳ ಪಟ್ಟಣಗಳಿಗೆ ಏನು ಬೇಕು? ಪೌರಸಭೆಗಳ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ವಾರ್ಡ್ ಸಭೆ ಕೊಡಬೇಕು. ಪುರಸಭೆಯ ಒಟ್ಟು ಬೇಡಿಕೆ ಬೆಲೆಯೇರಿಕೆಯಷ್ಟು ಏರುವುದಾದರೆ ಚುನಾಯಿತ ಸದಸ್ಯರೇ ನಿರ್ಧರಿಸಲಿ, ಪ್ರತಿಯೊಂದಕ್ಕೂ ಜನರನ್ನು ಬೂತಿಗೆ ಕರೆಯಬೇಕಿಲ್ಲ. ಆ ಮಿತಿ ಮೀರಿದ ಏರಿಕೆಯನ್ನು ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಸಾಧಾರಣ ಮನೆಯೊಂದಕ್ಕೆ ಎಷ್ಟು ರೂಪಾಯಿ ಎಂಬ ವಿವರದೊಂದಿಗೆ ಮೊದಲು ವಾರ್ಡ್ ಸಭೆಗಳಲ್ಲಿ ಚರ್ಚಿಸಿ, ನಂತರ ಊರಿನ ಮತದಾರರ ಗುಪ್ತ ಮತಕ್ಕೆ ಹಾಕಬೇಕು. ಆಡಳಿತಾಧಿಕಾರಿ ಇರುವಾಗ ಯಾವ ಏರಿಕೆಯೂ ಆಗಕೂಡದು. ಇಷ್ಟು ಬಂದರೆ ಸಾಕು. ಮಾರ್ಗಸೂಚಿ ಬೆಲೆ ಯಾರ ಮನೆ ದೊಡ್ಡದು, ಯಾರದು ಚಿಕ್ಕದು ಎಂದು ಹೊರೆ ಹಂಚಲು ಅಳತೆಗೋಲಾಗಿ ಉಳಿಯಲಿ. ಒಟ್ಟು ಹೊರೆ ಎಷ್ಟು ಎಂಬುದನ್ನು ಅದು ತೀರ್ಮಾನಿಸದಿರಲಿ.

ಜನ ಎಂದಾದರೂ ತೆರಿಗೆ ಏರಿಕೆಗೆ ಹೂಂ ಎನ್ನುತ್ತಾರೆಯೇ ಎಂಬುದು ಮೊದಲು ಬರುವ ಆಕ್ಷೇಪ. ಇಂಗ್ಲೆಂಡಿನ ಅನುಭವ ಅದಕ್ಕೆ ಪುಷ್ಟಿ ಕೊಡುವಂತಿದೆ. 2011ರ ಕಾನೂನಿನ ಪ್ರಕಾರ ಅಲ್ಲಿ ಸರ್ಕಾರ ಹೇಳಿದ ಮಿತಿ ಮೀರುವ ಸ್ಥಳೀಯ ತೆರಿಗೆಗೆ ಜನಮತ ಬೇಕು. 2015ರ ಮೇ ತಿಂಗಳಲ್ಲಿ ಬೆಡ್‌ಫರ್ಡ್‌ಷೈರ್ ಜಿಲ್ಲೆಯಲ್ಲಿ ಪೊಲೀಸ್ ವೆಚ್ಚಕ್ಕೆಂದು ಕೇಳಿದ ಶೇ 15.8ರಷ್ಟು ಏರಿಕೆ ಸೋತಿತು. ಆದರೆ ಮಿತಿಯನ್ನು ಲಂಡನ್ನಿನಿಂದ ಹೇರಿ, ಸೋತರೆ ಬಿಲ್ಲನ್ನೆಲ್ಲ ಮತ್ತೆ ಅಚ್ಚು ಹಾಕಿಸುವ ಶಿಕ್ಷೆಯನ್ನೂ ಇಟ್ಟ ವ್ಯವಸ್ಥೆ ಅದು. ಕೇಳುವ ಅಭ್ಯಾಸವೇ ಅಲ್ಲಿ ಬೆಳೆಯಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಶಾಲೆಗೆ, ಅಗ್ನಿಶಾಮಕ ಠಾಣೆಗೆ ಎಂದು ಹೆಸರಿಟ್ಟು ಕೇಳಿದ ಎಷ್ಟೋ ಏರಿಕೆಗಳನ್ನು ಮತದಾರರು ಒಪ್ಪಿದ್ದಾರೆ, ಕೆಲವನ್ನು ತಿರಸ್ಕರಿಸಿದ್ದಾರೆ. ನಮ್ಮ ಸೀಮೆಯವರು ಕೊಡಲಾರದವರೇನಲ್ಲ. ಅಂತರಘಟ್ಟೆಯ ಜಾತ್ರೆಗೆ, ಬೀರೂರಿನ ಮೈಲಾರಲಿಂಗಸ್ವಾಮಿಯ ಉತ್ಸವಕ್ಕೆ, ಊರ ಗುಡಿಯ ಜೀರ್ಣೋದ್ಧಾರಕ್ಕೆ ವಂತಿಗೆ ಹಾಕುವ ಜನ, ಕೊಟ್ಟ ದುಡ್ಡು ಕಣ್ಣೆದುರು ಕೆಲಸವಾಗುವುದನ್ನು ನೋಡುತ್ತಾರೆ, ಲೆಕ್ಕ ಕೇಳುತ್ತಾರೆ, ಹಾಗಾಗಿ ಕೊಡುತ್ತಾರೆ. ಲೆಕ್ಕ ಕಾಣದ ಕಂದಾಯಕ್ಕೆ ಮನಸ್ಸು ಬಾರದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಭಾರತದಲ್ಲಿ ಆಸ್ತಿ ತೆರಿಗೆಯೇ ತೀರ ಕಡಿಮೆ, ಇನ್ನೂ ಮಿತಿ ಹಾಕಿದರೆ ಪಟ್ಟಣಗಳು ಅನುದಾನದ ಭಿಕ್ಷೆಯಲ್ಲೇ ಉಳಿಯುತ್ತವೆ ಎಂಬುದು. ರಿಸರ್ವ್ ಬ್ಯಾಂಕಿನ ವರದಿಯಂತೆ ದೇಶದ ಮಹಾನಗರ ಪಾಲಿಕೆಗಳ ಒಟ್ಟು ರಾಜಸ್ವ 2023–24ರಲ್ಲಿ ಜಿಡಿಪಿಯ ಶೇ 0.6 ಮಾತ್ರ. ಬೆಂಗಳೂರು, ಜೈಪುರಗಳಂಥ ನಗರಗಳು ವಸೂಲು ಮಾಡಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ರಷ್ಟನ್ನಷ್ಟೇ ಸಂಗ್ರಹಿಸುತ್ತವೆ ಎಂದು 2016–17ರ ಆರ್ಥಿಕ ಸಮೀಕ್ಷೆ ಹೇಳಿತ್ತು. ಈ ಅಂಕಿಗಳು ನಿಜವೇ. ಆದರೆ ಅವು ತೋರಿಸುವ ಮುಖ್ಯ ಕೊರತೆ ದರದ್ದಲ್ಲ. ಪಟ್ಟಿಯಲ್ಲಿಲ್ಲದ ಕಟ್ಟಡಗಳು, ಒಂದಂತಸ್ತೆಂದು ಘೋಷಿಸಿದ ಮೂರಂತಸ್ತುಗಳು, ವಾಸದ ಮನೆಯೆಂದು ಬರೆಸಿದ ಮಳಿಗೆಗಳು, ವರ್ಷಗಟ್ಟಲೆ ಮುಟ್ಟದ ಬಾಕಿಗಳು ಇವೆ. ದರ ಏರಿಸಿದಾಗ ಬರೆ ಬೀಳುವುದು ಈಗಾಗಲೇ ಪ್ರಾಮಾಣಿಕವಾಗಿ ಕಟ್ಟುತ್ತಿರುವವರಿಗೆ. ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ಬಿ-ಖಾತೆ ಕೊಟ್ಟು, ಮೊದಲ ವರ್ಷ ದುಪ್ಪಟ್ಟು ತೆರಿಗೆ ಪಡೆದು ಪಟ್ಟಿಗೆ ಸೇರಿಸುವ 2025ರ ಅಭಿಯಾನ ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ವಾರ್ಡ್ ಸಭೆಯಲ್ಲಿ ಬೀದಿಯ ತೆರಿಗೆ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ, ಯಾವ ಡ್ರೋನ್ ಸಮೀಕ್ಷೆಗೂ ಸಿಗದ ಕಟ್ಟಡಗಳು ಹೊರಬೀಳುತ್ತವೆ. ಅಕ್ಕಪಕ್ಕದವರಿಗೆ ಗೊತ್ತಿರುವಷ್ಟು ಸತ್ಯ ಕಚೇರಿಯ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ದರವನ್ನು ಮುಟ್ಟುವ ಮುನ್ನ ಪಟ್ಟಿಯನ್ನು ಪೂರ್ಣಗೊಳಿಸಿದ್ದೇವೆ ಎಂದು ತೋರಿಸುವ ಹೊಣೆಯನ್ನು ಜನಮತದ ನಿಯಮ ಪುರಸಭೆಯ ಮೇಲೆ ಹೊರಿಸುತ್ತದೆ.

ಇನ್ನು, ಸಭೆಗಳಲ್ಲಿ ಬಲಾಢ್ಯರದೇ ಮಾತು ನಡೆಯುತ್ತದೆ, ಜಾತಿ, ಪಕ್ಷಗಳ ಲೆಕ್ಕ ಬರುತ್ತದೆ ಎಂಬ ಅಂಜಿಕೆ. ಕೈಯೆತ್ತಿ ಒಪ್ಪಿಸುವ ಸಭೆಯಲ್ಲಿ ಹಾಗಾಗುವುದು ಸಹಜ. ಅದಕ್ಕಾಗಿಯೇ ಚರ್ಚೆ ಸಭೆಯಲ್ಲಿ, ಮತ ಪೆಟ್ಟಿಗೆಯಲ್ಲಿ ಎಂದು ಬೇರ್ಪಡಿಸಬೇಕು. ಮಹಾರಾಷ್ಟ್ರದಲ್ಲಿ ಹಳ್ಳಿಯ, ವಾರ್ಡಿನ ಮಹಿಳೆಯರು ಮತ ಹಾಕಿ ಸಾರಾಯಿ ಅಂಗಡಿ ಮುಚ್ಚಿಸುವ ವ್ಯವಸ್ಥೆ ಇದೆ. ಗುಪ್ತ ಮತವಿದ್ದಾಗ ಬಲಾಢ್ಯರ ಎದುರೂ ಊರಿನ ಹೆಂಗಸರು ಗೆದ್ದ ನಿದರ್ಶನಗಳು ಅಲ್ಲಿವೆ. ಸ್ಥಳೀಯ ಜನಮತ ಭಾರತದಲ್ಲಿ ನಡೆಯದ ಮಾತಲ್ಲ. ಖರ್ಚಿನ ಪ್ರಶ್ನೆಗೆ ಉತ್ತರ ಸುಲಭ: ಬೇರೆ ಚುನಾವಣೆಯ ದಿನವೇ ಇನ್ನೊಂದು ಮತಪತ್ರ ಕೊಟ್ಟರಾಯಿತು. ಸ್ವಂತ ಮನೆಯಿಲ್ಲದ ಬಾಡಿಗೆದಾರರು ಬೇರೆಯವರ ಮೇಲೆ ತೆರಿಗೆ ಹೇರಲು ಮತ ಹಾಕುತ್ತಾರೆ ಎಂಬ ವಾದವೂ ಉಂಟು. ಕಂದಾಯ ಏರಿದರೆ ಬಾಡಿಗೆ ಏರುತ್ತದೆ ಎಂಬುದು ಬಾಡಿಗೆದಾರರಿಗೆ ಚೆನ್ನಾಗಿ ಗೊತ್ತಿರುವುದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಕಾಯ್ದೆ ತಿದ್ದುಪಡಿ ವಿಧಾನಸೌಧದಲ್ಲಿ ಆಗಬೇಕಾದ್ದು, ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವಿಲ್ಲ. ಪ್ರತಿ ವರ್ಷದ ಏರಿಕೆಯ ನಿರ್ಣಯ ಮಾಡುವ ಮೊದಲು ವಾರ್ಡಿನವರನ್ನು ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಕೂಡಿಸಿ ಜಮಾ ಖರ್ಚು ಓದಿ ಹೇಳಲು ಯಾವ ಕಾನೂನೂ ಪುರಸಭೆಯ ಸದಸ್ಯರನ್ನು ತಡೆಯುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಮತದಾರರು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಕಂದಾಯ ಏರಿಸುವ ಮುನ್ನ ನಮ್ಮ ವಾರ್ಡಿಗೆ ಬಂದು ಕೇಳುತ್ತೀರಾ? ಹೌದು ಎಂದವರಿಂದ ಅದನ್ನು ಬರೆಸಿಕೊಳ್ಳಿ. ಪುರಸಭೆ ತೆರಿಗೆಯ ಪ್ರಕಟಣೆ ಹೊರಡಿಸಿದಾಗ, ನಿಗದಿತ ದಿನದೊಳಗೆ ನಿಮ್ಮ ಆಕ್ಷೇಪಣೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.